ಸೇದದವರ ಮನಸ್ಸಿಗೂ ಕವಿಯುವ ಹೊಗೆ

ಸಂತಪುರ, ಔರಾದ, ಭಾಲ್ಕಿ ಭಾಗದಲ್ಲಿ ಚಳಿ ಬಲಿತಿತೆಂದರೆ ಮನೆಗಳ ಬಾಗಿಲು ಕಿಟಕಿಗಳು ಬೇಗನೆ ಮುಚ್ಚಿಕೊಳ್ಳುತ್ತವೆ. ಪಡಸಾಲೆಯಲ್ಲಿ ಹಿರಿಯರು ಹಚ್ಚಿದ ಬೀಡಿಯ ಹೊಗೆ ಹೊರಹೋಗಲು ದಾರಿಯಿಲ್ಲದೆ ಅಡುಗೆಮನೆಯವರೆಗೂ ಸುಳಿಯುತ್ತದೆ. ಉಬ್ಬಸ, ಹೃದ್ರೋಗ, ಶ್ವಾಸಕೋಶದ ಕ್ಯಾನ್ಸರ್‌ಗಳು ಇಂಥ ಪರೋಕ್ಷ ಧೂಮಪಾನದಿಂದ ಸೇದದವರಿಗೂ ತಗಲುತ್ತವೆಂಬುದನ್ನು ನಾವು ಹಿಂದಿನಿಂದಲೂ ಕೇಳುತ್ತ ಬಂದಿದ್ದೇವೆ. ಆ ಹೊಗೆ ಮನಸ್ಸನ್ನೂ ಕುಗ್ಗಿಸೀತೆಂಬ ಮಾತು ಅಷ್ಟಾಗಿ ಕೇಳಿಬಂದಿಲ್ಲ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಸ್ಕಾಟ್ಲೆಂಡಿನ ಆರೋಗ್ಯ ಸಮೀಕ್ಷೆಯಲ್ಲಿದ್ದ, ಧೂಮಪಾನ ಮಾಡದ 5,560 ವಯಸ್ಕರ ವಿವರಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದರು. ಯಾರ ಒಡಲಿಗೆ ಎಷ್ಟು ಹೊಗೆ ಸೇರಿದೆಯೆಂಬುದನ್ನು ಬರಿಯ ಬಾಯಿಮಾತಿಗೆ ಬಿಡದೆ, ಜೊಲ್ಲಿನಲ್ಲಿ ಕೋಟಿನಿನ್ ಎಂಬ ಅಂಶವನ್ನು ಅಳೆದು ಕಂಡುಕೊಂಡರು. ನಿಕೋಟಿನ್ ದೇಹದಲ್ಲಿ ಮಾರ್ಪಟ್ಟು ಉಳಿಯುವ ಅಂಶವಿದು. ಹೆಚ್ಚು ಹೊಗೆಗೆ ಸಿಕ್ಕವರಲ್ಲಿ ಮಾನಸಿಕ ಯಾತನೆಯ ಸಂಭವ ಸುಮಾರು ಒಂದೂವರೆ ಪಟ್ಟಿತ್ತು. ಮುಂದಿನ ವರ್ಷಗಳಲ್ಲಿ ಮಾನಸಿಕ ಕಾಯಿಲೆಗೆ ಆಸ್ಪತ್ರೆ ಸೇರಿದವರೂ ಅವರಲ್ಲೇ ಹೆಚ್ಚು. ಹೊಗೆಯೊಂದೇ ಕಾರಣವೆಂದು ಇದರಿಂದ ಸಿದ್ಧವಾಗದು. ಸಾಲ, ಕುಡಿತ, ಗೃಹಕಲಹಗಳೂ ಮನಸ್ಸನ್ನು ಕಾಡುತ್ತವೆ. ಆದರೂ ಕಡೆಗಣಿಸುವ ಸಂಗತಿ ಇದಲ್ಲವೆಂದು ನಮ್ಮ ಅಭಿಪ್ರಾಯ.

ಸಾರ್ವಜನಿಕ ಸ್ಥಳಗಳಲ್ಲಿ ಸೇದಕೂಡದೆಂಬ ನಿಯಮ 2008ರ ಅಕ್ಟೋಬರ್ 2ರಿಂದ ದೇಶದಲ್ಲೆಲ್ಲ ಬಿಗಿಯಾಯಿತು. ನಮ್ಮ ರಾಜ್ಯದಲ್ಲಿ 2025ರಿಂದ ದಂಡ 1,000 ರೂಪಾಯಿಯವರೆಗೆ ಏರಿದೆ. ಆದರೆ ಕಾನೂನು ಮನೆಯ ಹೊಸ್ತಿಲು ದಾಟದು. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನೂರರಲ್ಲಿ ಸುಮಾರು 39 ವಯಸ್ಕರು ಹೊಗೆಗೆ ಒಡ್ಡಿಕೊಳ್ಳುವುದು ಮನೆಯೊಳಗೇ. ‘ಇಲ್ಲಿ ಸೇದಬೇಡಿರಿ’ ಎಂದು ಸೊಸೆ ಮಾವನಿಗೆ ಹೇಳಬಲ್ಲಳೇ? ಬಸುರಿಯಾದರೂ ಬಾಯಿ ಬಿಡಳು. ಹೊಗೆಯ ಜೊತೆಗೆ ಈ ನುಂಗಿಕೊಂಡ ಮಾತೂ ಅವಳಿಗೆ ಭಾರವೇ.

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಕಾಸು ಕಾಳುಗಳನ್ನಲ್ಲ, ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಮನೆಯವರು ಆಡಲಾರದ ಮಾತನ್ನು ಆ ಜೋಳಿಗೆ ಆಡುತ್ತಿತ್ತು. ಮಠಕ್ಕೆ ನಡೆದುಕೊಳ್ಳುವ ಹಿರಿಯರು ಮನೆಯ ಹೆಂಗಸರ ಪರವಾಗಿ ಹೀಗೆ ನುಡಿಯಬಹುದೆಂದು ನಮ್ಮ ಬಿನ್ನಹ.

ಕಿಟಕಿ ತೆರೆದರೆ, ಫ್ಯಾನು ಹಾಕಿದರೆ ಹೊಗೆ ಪೂರ್ತಿ ಹೋಗದು. ಬಿಡಲಾಗದವರು, ಬಿಡುವವರೆಗಾದರೂ, ಬಾಗಿಲಿನಿಂದ ದೂರ ಬಯಲಿನಲ್ಲಿ ಸೇದಲಿ. ನಿದ್ರೆಗೆಟ್ಟು, ಯಾವುದರಲ್ಲೂ ಮನಸ್ಸಿಲ್ಲದೆ ಎರಡು ವಾರ ಕಳೆದವರು ವೈದ್ಯರನ್ನು ಕಾಣಬೇಕು. ಮನೆಯಲ್ಲಿ ಹೊಗೆಯಿರುವುದನ್ನೂ ತಿಳಿಸಬೇಕು. ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ ದೂರವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. ತಂಬಾಕು ಬಿಡಲು ನೆರವು ಬೇಕಾದವರಿಗೆ 1800 11 2356, ಎರಡಕ್ಕೂ ಶುಲ್ಕವಿಲ್ಲ.