ಗುಡ್ಡದ ಮೇಲೆ ಬಂಕ್ ಹಾಸಿಗೆ, ಕೆಳಗೆ ಕಡಲು

ಬೆಂಗಳೂರಿನಿಂದ ಸಂಜೆ ಹೊರಟ ಪಂಚಗಂಗಾ ಎಕ್ಸ್‌ಪ್ರೆಸ್ ಹೊನ್ನಾವರ ಸಮೀಪಿಸುವ ಹೊತ್ತಿಗೆ ಸ್ಲೀಪರ್ ಬೋಗಿಯಲ್ಲಿ ಯಾರಿಗೂ ನಿದ್ದೆ ಉಳಿದಿರುವುದಿಲ್ಲ. ಶರಾವತಿಯ ಮೇಲಿನ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಬಂದಾಗ ಎಲ್ಲರೂ ಕಿಟಕಿಗೆ ಬರುತ್ತಾರೆ. ಕೊಂಕಣ ರೈಲುಮಾರ್ಗದಲ್ಲೇ ಅತಿ ಉದ್ದದ ಸೇತುವೆ ಇದು. ಕೆಳಗೆ ಹೊಳೆ ಅಗಲವಾಗಿ ಹರಡಿಕೊಂಡಿದೆ, ನಡುಗಡ್ಡೆಯ ತೆಂಗುಗಳ ನಡುವೆ ಮಂಜು ನಿಂತಿದೆ, ಪಡುವಣದಲ್ಲಿ ಅಳಿವೆಯ ಬೆಳ್ಳಿಗೆರೆ ಕಾಣುತ್ತದೆ. ಕುಮಟಾ ಕಳೆದು ಸ್ವಲ್ಪ ಹೊತ್ತಿಗೆ ಗೋಕರ್ಣ ರೋಡ್. ಬೆನ್ನಿಗೆ ದೊಡ್ಡ ಚೀಲ ಕಟ್ಟಿಕೊಂಡ ಹುಡುಗ ಹುಡುಗಿಯರು ಇಳಿಯುತ್ತಾರೆ. ಅವರ ಜೊತೆಗೇ, ಮಗನ ಮನೆಯಿಂದ ಊರಿಗೆ ಮರಳುತ್ತಿರುವ ಅಜ್ಜಿ, ತಾಮ್ರದ ತಂಬಿಗೆ ಹಿಡಿದ ಯಾತ್ರಿಕರು, ರಜೆಯ ಮೇಲೆ ಬಂದ ನರ್ಸಿಂಗ್ ವಿದ್ಯಾರ್ಥಿನಿ. ಹೊರಗೆ ಆಟೋದವರು, ಟೆಂಪೋದವರು ಸಾಲಾಗಿ ನಿಂತಿದ್ದಾರೆ. ಒಂಟಿಯಾಗಿ ಆಟೋ ಹಿಡಿದರೆ ದುಬಾರಿ, ನಾಲ್ವರು ಸೇರಿದರೆ ಅಗ್ಗ. ಹಾಗಾಗಿ ಹೆಸರು ಕೇಳುವ ಮೊದಲೇ ಅಪರಿಚಿತರು ತೊಡೆಗೆ ತೊಡೆ ತಾಗಿಸಿ ಕೂತಿರುತ್ತಾರೆ. ಕಡಿಮೆ ಖರ್ಚಿನ ಪ್ರವಾಸ ಶುರುವಾಗುವುದೇ ಈ ಒತ್ತಿ ಕೂರುವುದರಿಂದ.

1998ರ ಜನವರಿ 26ರಂದು ಕೊಂಕಣ ರೈಲುಮಾರ್ಗ ಪೂರ್ತಿಯಾಗಿ ತೆರೆದುಕೊಳ್ಳುವ ತನಕ ಈ ಕರಾವಳಿಗೆ ಬರುವುದೆಂದರೆ ಘಟ್ಟ ಇಳಿಯುವುದು ಎಂದೇ ಅರ್ಥವಿತ್ತು. ಹುಬ್ಬಳ್ಳಿಯಿಂದ ಅರಬೈಲು ಘಟ್ಟ, ಶಿರಸಿಯಿಂದ ದೇವಿಮನೆ ಘಟ್ಟ, ಬಸ್ಸಿನ ಕಿಟಕಿಗೆ ಒರಗಿದ ತಲೆ, ಸೀಟಿನ ಪಕ್ಕ ನಿಂಬೆಹಣ್ಣು. ಆ ಬಸ್ಸುಗಳು ಈಗಲೂ ಇವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಕರ್ನಾಟಕದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಶೂನ್ಯ. ವಿಜಯಪುರದ, ಗದಗಿನ, ಹಾವೇರಿಯ ಹೆಂಗಸರು ಗುಂಪುಕಟ್ಟಿ ಬುತ್ತಿ ಸಮೇತ ಘಟ್ಟ ಇಳಿದು ಜೀವನದಲ್ಲಿ ಮೊದಲ ಬಾರಿಗೆ ಕಡಲು ನೋಡುವುದನ್ನು ಇಲ್ಲಿ ಕಾಣಬಹುದು. ಸೀರೆಯ ನೆರಿಗೆ ಎತ್ತಿ ಹಿಡಿದು, ಒಬ್ಬರ ಕೈ ಒಬ್ಬರು ಬಿಗಿಯಾಗಿ ಹಿಡಿದು, ತೆರೆ ಬಂದಾಗ ಒಟ್ಟಿಗೇ ಕೂಗಿ ಹಿಂದೆ ಸರಿಯುವ ಆ ಸಾಲಿಗಿಂತ ದೊಡ್ಡ ಸಂಭ್ರಮ ಈ ದಂಡೆಯ ಮೇಲೆ ಇನ್ನೊಂದಿಲ್ಲ.

ಗೋಕರ್ಣದ ಊರೊಳಗೆ ಬಂದರೆ ರಥಬೀದಿ. ಎರಡೂ ಬದಿಗೆ ಹಂಚಿನ ಮಾಡಿನ ಮನೆಗಳು, ಎತ್ತರದ ಜಗಲಿಗಳು. ಪೂಜೆಸಾಮಾನು, ತಾಮ್ರದ ಪಾತ್ರೆ, ರುದ್ರಾಕ್ಷಿ, ದೊಗಲೆ ಚಡ್ಡಿ ಮಾರುವ ಅಂಗಡಿಗಳು ಒಂದರ ಭುಜಕ್ಕೆ ಒಂದು ಅಂಟಿಕೊಂಡಿವೆ. ಶಿವರಾತ್ರಿಯ ದೊಡ್ಡ ತೇರು ಬೀದಿಯ ಬದಿಯಲ್ಲೇ ನಿಂತು ಇನ್ನೊಂದು ವರ್ಷಕ್ಕೆ ಕಾಯುತ್ತದೆ. ಮಹಾಬಲೇಶ್ವರನ ಗುಡಿಯ ಮುಂದೆ ಒದ್ದೆ ಪಂಚೆಯವರು, ಕೋಟಿತೀರ್ಥದ ಮೆಟ್ಟಿಲ ಮೇಲೆ ಪಿತೃಕಾರ್ಯಕ್ಕೆ ಬಂದವರು. ದೂರದೂರಿನಿಂದ ಬಂದವರಿಗೆ ಚಾಪೆ, ಸ್ನಾನದ ನೀರು, ಎಲೆಯೂಟ ಕೊಟ್ಟು ಇರಿಸಿಕೊಳ್ಳುವುದು ಇಲ್ಲಿನ ಪುರೋಹಿತರ ಮನೆಗಳಿಗೆ ತಲೆತಲಾಂತರದ ರೂಢಿ. ಆಮೇಲೆ ಗೋವಾದ ಗದ್ದಲ ಬಿಟ್ಟು ದಕ್ಷಿಣಕ್ಕೆ ಇಳಿದ ವಿದೇಶಿ ತರುಣರು ಬಂದರು. ಕುಡ್ಲೆ, ಓಂ ತೀರಗಳ ಸೋಗೆಗುಡಿಸಲುಗಳಲ್ಲಿ ತಿಂಗಳುಗಟ್ಟಲೆ ಇದ್ದರು. ಈಗ ಬಂದಿರುವ ಹಾಸ್ಟೆಲ್ಲು ಅದೇ ಸಾಲಿನ ಮೂರನೆಯ ಮನೆ. ಬಂದವನಿಗೆ ತಲೆ ಊರಲು ಅಗ್ಗದ ಜಾಗ ಕೊಡುವ ಗುಣ ಗೋಕರ್ಣಕ್ಕೆ ಹೊಸದಲ್ಲ.

ಹಾಸ್ಟೆಲ್ ಎಂಬ ಕಲ್ಪನೆ ಹುಟ್ಟಿದ್ದು ದೂರದ ಜರ್ಮನಿಯಲ್ಲಿ. 1909ರಲ್ಲಿ ಮಕ್ಕಳನ್ನು ಕಾಲ್ನಡಿಗೆಯ ಪ್ರವಾಸಕ್ಕೆ ಕರೆದೊಯ್ದ ರಿಚರ್ಡ್ ಶಿರ್ಮನ್ ಎಂಬ ಶಾಲಾಮಾಸ್ತರರು ಗುಡುಗುಮಳೆಗೆ ಸಿಕ್ಕಿ ಒಂದು ಹಳ್ಳಿಶಾಲೆಯಲ್ಲಿ ರಾತ್ರಿ ಕಳೆದರು. ರಜೆಯಲ್ಲಿ ಖಾಲಿ ಬಿದ್ದಿರುವ ಶಾಲೆಗಳೆಲ್ಲ ನಡೆಯುವ ಮಕ್ಕಳಿಗೆ ತಂಗುದಾಣವಾಗಬಾರದೇಕೆ ಎಂದು ಅವರಿಗೆ ಹೊಳೆಯಿತು. ಮುಂದೆ ಆಲ್ಟೆನಾ ಕೋಟೆಯಲ್ಲಿ ಮೊದಲ ಕಾಯಂ ಯುವ ಹಾಸ್ಟೆಲ್ ತೆರೆಯಿತು. ನಮ್ಮಲ್ಲಿ ಜೋಸ್ಟೆಲ್ ಎಂಬ ಹಾಸ್ಟೆಲ್ ಸಂಸ್ಥೆ 2013ರಲ್ಲಿ ಶುರುವಾದ ಮೇಲೆ ಈ ಬಗೆಯ ವಸತಿ ಊರೂರಿಗೆ ಹಬ್ಬಿತು. ಗೋಕರ್ಣದ ಗುಡ್ಡದ ಮೇಲೂ ಅವರದೊಂದು ಇದೆ, ಸುತ್ತಮುತ್ತ ಬೇರೆಯವರದು ಹಲವು.

ಅಂಥದೊಂದರ ಒಳಗೆ ಹೋಗೋಣ. ಚಿರೆಕಲ್ಲಿನ ಗೋಡೆ, ಗೋಡೆಗೆ ಬಣ್ಣದ ಚಿತ್ರ, ಬಾಗಿಲಲ್ಲಿ ಮರಳು ಮೆತ್ತಿದ ಚಪ್ಪಲಿಗಳ ರಾಶಿ. ಆರು ಅಥವಾ ಎಂಟು ಹಾಸಿಗೆಯ ಕೋಣೆ, ಒಂದರ ಮೇಲೊಂದು ಬಂಕ್. ಪ್ರತಿ ಹಾಸಿಗೆಗೂ ಒಂದು ಪರದೆ, ಪುಟ್ಟ ದೀಪ, ಚಾರ್ಜರ್ ಸಿಕ್ಕಿಸುವ ಪಾಯಿಂಟು, ಕೆಳಗೆ ಬೀಗ ಹಾಕುವ ಲಾಕರ್. ಬೀಗ ನಮ್ಮದೇ ತಂದಿರಬೇಕು. ಹೆಂಗಸರಿಗೇ ಮೀಸಲಾದ ಕೋಣೆ ಹೆಚ್ಚಿನ ಕಡೆ ಇದೆ. ವಾರದ ದಿನಗಳಲ್ಲಿ ಐನೂರು ರೂಪಾಯಿಯ ಆಸುಪಾಸಿನಲ್ಲಿ ಹಾಸಿಗೆ ಸಿಗುತ್ತದೆ. ಶನಿವಾರ ಏರುತ್ತದೆ, ಡಿಸೆಂಬರ್ ಕೊನೆಯ ವಾರದಲ್ಲಿ ಕೈಗೆಟುಕದಷ್ಟು ಏರುತ್ತದೆ. ಮೇಲಿನ ಬಂಕಿನವರು ರಾತ್ರಿ ಹೊರಳಿದರೆ ಕೆಳಗಿನವರಿಗೆ ಗೊತ್ತಾಗುತ್ತದೆ. ಬೆಳಗಿನ ಜಾವ ಯಾರೋ ಮೊಬೈಲಿನ ಬೆಳಕಲ್ಲಿ ಸದ್ದಿಲ್ಲದೆ ಚೀಲ ಕಟ್ಟುತ್ತಾರೆ. ಆ ಸದ್ದಿಲ್ಲದಿರುವಿಕೆಯಲ್ಲಿ ಒಂದು ಮರ್ಯಾದೆಯಿದೆ. ಸುಖ ಹಂಚಿಕೊಳ್ಳುವುದಕ್ಕಿಂತ ಜಾಗ ಹಂಚಿಕೊಳ್ಳುವುದು ಕಷ್ಟ. ಇಪ್ಪತ್ತೆರಡರ ಹುಡುಗರು ಅದನ್ನಿಲ್ಲಿ ಎರಡೇ ರಾತ್ರಿಯಲ್ಲಿ ಕಲಿಯುತ್ತಾರೆ.

ಹಾಸ್ಟೆಲ್ಲಿನ ಜೀವ ಇರುವುದು ಜಗಲಿಯಲ್ಲಿ. ಹಗ್ಗದ ಮೇಲೆ ಒಣಗುವ ಟವೆಲ್ಲುಗಳ ಆಚೆ ಗೇರುಮರ, ಅದರಾಚೆ ಕಡಲಿನ ನೀಲಿ. ಒಂದು ಮೂಲೆಯಲ್ಲಿ ಪುಣೆಯ ಹುಡುಗ ಲ್ಯಾಪ್‌ಟಾಪ್ ಮುಂದೆ ಕಚೇರಿಯ ಮೀಟಿಂಗಿನಲ್ಲಿದ್ದಾನೆ. ಇನ್ನೊಂದು ಕಡೆ, ಕೆಲಸ ಬಿಟ್ಟು ಮುಂದೇನು ಎಂದು ಯೋಚಿಸಲು ಬಂದ ಬೆಂಗಳೂರಿನ ಹುಡುಗಿ ಇಸ್ರೇಲಿನ ದಂಪತಿಗೆ ಮುರುಗಲ ಹಣ್ಣಿನ ಪಾನಕ ಮಾಡುವ ಬಗೆ ಹೇಳುತ್ತಿದ್ದಾಳೆ. ನಿವೃತ್ತ ಮೇಷ್ಟ್ರೊಬ್ಬರು ದಾವಣಗೆರೆಯಿಂದ ಒಬ್ಬರೇ ಬಂದಿದ್ದಾರೆ. ಹುಡುಗರು ಅವರನ್ನು ಮೊದಲು ‘ಅಂಕಲ್’ ಎಂದವರು, ಸಂಜೆಯ ಹೊತ್ತಿಗೆ ‘ಸರ್, ನೀವೂ ಬನ್ನಿ’ ಎಂದು ಕೇರಂ ಬೋರ್ಡಿಗೆ ಕರೆಯುತ್ತಾರೆ. ಲಾಡ್ಜಿನ ಮುಚ್ಚಿದ ಬಾಗಿಲ ಹಿಂದೆ ಇವರೆಲ್ಲ ಒಬ್ಬರಿಗೊಬ್ಬರು ಕಾಣದೆಯೇ ಊರು ಬಿಡುತ್ತಿದ್ದರು.

ಬಿಸಿಲೇರುವ ಮೊದಲು ನಡಿಗೆ. ಕುಡ್ಲೆಯ ದಕ್ಷಿಣದ ತುದಿಯಿಂದ ಚಿರೆಕಲ್ಲಿನ ಗುಡ್ಡ ಹತ್ತಿದರೆ ಕೆಂಪು ಬಂಡೆ, ಒಣಹುಲ್ಲು, ಕಾಲಡಿಯಲ್ಲಿ ಹಲ್ಲಿಯ ಸರಭರ. ಗುಡ್ಡದ ತುದಿಯಿಂದ ನೋಡಿದಾಗ ಓಂ ತೀರದ ಎರಡು ಬಾಗು ಎದ್ದು ಕಾಣುತ್ತವೆ. ಹೆಸರು ಬಂದದ್ದೇ ಆ ಆಕಾರದಿಂದ. ಅಲ್ಲಿಂದ ಮತ್ತೊಂದು ಗುಡ್ಡ ದಾಟಿದರೆ ಹಾಫ್ ಮೂನ್. ಆಮೇಲೆ ದಾರಿ ಕಡಿದಾಗುತ್ತದೆ, ಒಂದು ಕಡೆ ಕಾಡು, ಇನ್ನೊಂದು ಕಡೆ ಕೆಳಗೆ ಬಂಡೆಗೆ ಬಡಿಯುವ ನೀರು. ಕೊನೆಗೆ ಪ್ಯಾರಡೈಸ್. ಅಲ್ಲಿಗೆ ರಸ್ತೆಯಿಲ್ಲ, ಕಾಲಿದ್ದವರಿಗೆ ಕಾಲು, ಇಲ್ಲದಿದ್ದರೆ ದೋಣಿ. ಇಷ್ಟೂ ದೂರಕ್ಕೆ ಖರ್ಚು ಒಂದು ಬಾಟಲಿ ನೀರು ಮತ್ತು ಎರಡು ಬಾಳೆಹಣ್ಣು. ನಡುವೆ ಸಿಗುವ ಗೂಡಂಗಡಿಯಲ್ಲಿ ನಿಂಬೆ ಪಾನಕ ಕೇಳಿದರೆ ‘ಉಪ್ಪೋ, ಸಕ್ಕರೆಯೋ?’ ಎಂಬ ಪ್ರಶ್ನೆ ಬರುತ್ತದೆ. ಬೆವರಿದವರು ಎರಡನ್ನೂ ಹಾಕಿಸಿಕೊಳ್ಳಬೇಕು.

ಮಧ್ಯಾಹ್ನ ಊಟಕ್ಕೆ ಊರಿಗೆ ಮರಳುವುದು ಜಾಣತನ. ದಂಡೆಯ ಶ್ಯಾಕುಗಳಲ್ಲಿ ಪಾಸ್ತಾ, ಪ್ಯಾನ್‌ಕೇಕು ಎಲ್ಲ ಸಿಗುತ್ತವೆ, ದರವೂ ಅದಕ್ಕೆ ತಕ್ಕಂತೆ. ಪೇಟೆಯ ಪುಟ್ಟ ಊಟದ ಹೋಟೆಲಿನಲ್ಲಿ ಅದರ ಅರ್ಧ ದುಡ್ಡಿಗೆ ಕುಚ್ಚಲಕ್ಕಿ ಅನ್ನ, ಬಂಗುಡೆಯ ಹುಳಿ, ರವೆ ಹಚ್ಚಿ ಕರಿದ ತಾರ್ಲೆ, ಮೇಲೆ ಸೋಲ್ ಕಡಿ. ಸಸ್ಯಾಹಾರಿಗಳಿಗೆ ತಂಬುಳಿ, ಮಾವಿನಮಿಡಿಯ ಅಪ್ಪೆಹುಳಿ. ಬೆಳಗ್ಗೆಯಾದರೆ ಬಾಳೆಹಣ್ಣಿನ ಬನ್ಸು, ಒಗ್ಗರಣೆ ಅವಲಕ್ಕಿ.

ರಥಬೀದಿಯ ಅಂಚಿನಲ್ಲಿ ಹಾಲಕ್ಕಿ ಒಕ್ಕಲಿಗ ಹೆಂಗಸರು ಬುಟ್ಟಿ ಇಟ್ಟು ಕೂತಿದ್ದಾರೆ. ಕುತ್ತಿಗೆ ತುಂಬ ಕರಿಮಣಿಯ ಸರಗಳು, ಹೆಗಲ ಮೇಲೆ ಗಂಟು ಹಾಕಿ ಉಟ್ಟ ಸೀರೆ. ಬುಟ್ಟಿಯಲ್ಲಿ ಅಬ್ಬಲಿಗೆ, ಹರಿವೆ ಸೊಪ್ಪು, ಗೆಣಸು. ಬೇಸಿಗೆಯಲ್ಲಿ ಜಡೆ ಹೆಣೆದಂತೆ ಕಟ್ಟಿದ ಕುಮಟಾದ ಸಿಹಿ ಈರುಳ್ಳಿ. ಜನಪದ ಹಾಡಿನ ಕಣಜವೇ ಆಗಿದ್ದ ಸುಕ್ರಿ ಬೊಮ್ಮಗೌಡ, ಲೆಕ್ಕವಿಲ್ಲದಷ್ಟು ಸಸಿ ಬೆಳೆಸಿದ ತುಳಸಿ ಗೌಡ, ಪದ್ಮಶ್ರೀ ಪಡೆದ ಈ ಇಬ್ಬರೂ ಪಕ್ಕದ ಅಂಕೋಲಾ ತಾಲ್ಲೂಕಿನ ಹಾಲಕ್ಕಿ ತಾಯಂದಿರು. ‘ಹೂ ಬೇಕನೇ ತಂಗಿ?’ ಎಂದು ಕರೆಯುವ ದನಿಗೆ ಓಗೊಟ್ಟು ಕೂತರೆ ಯಾವ ಹಣ್ಣು ಯಾವಾಗ ಬರುತ್ತದೆ, ಈ ಸಲ ಮಳೆ ಹೇಗೆ, ಸುಗ್ಗಿ ಕುಣಿತ ಯಾವ ಕೊಪ್ಪದಲ್ಲಿ ಎಂಬುದೆಲ್ಲ ತಿಳಿಯುತ್ತದೆ.

ಒಂದು ದಿನವನ್ನು ತದಡಿಗೆ ಇಟ್ಟುಕೊಳ್ಳಬೇಕು. ಊರಬಸ್ಸು ಸಾಣಿಕಟ್ಟೆಯ ಉಪ್ಪಿನ ಆಗರಗಳ ಪಕ್ಕದಲ್ಲೇ ಹೋಗುತ್ತದೆ. ಬಿಸಿಲಿನ ತಿಂಗಳುಗಳಲ್ಲಿ ಚೌಕ ಚೌಕದ ಮಡಿಗಳಲ್ಲಿ ಕಡಲನೀರು ಒಣಗಿ, ಉಪ್ಪನ್ನು ಎಳೆದು ಗುಡ್ಡೆ ಹಾಕುವ ಕೆಲಸ ನಡೆದಿರುತ್ತದೆ. ತದಡಿ ಬಂದರಿನಲ್ಲಿ ಬಣ್ಣದ ದೋಣಿಗಳು, ಬಲೆ ನೇಯುವ ಕೈಗಳು, ಮೀನಿನ ಗಾಢ ವಾಸನೆ. ಅಲ್ಲಿಂದ ದೋಣಿಯಲ್ಲಿ ಅಘನಾಶಿನಿ ಹೊಳೆ ದಾಟಿದರೆ ಅದೇ ಹೆಸರಿನ ಹಳ್ಳಿ. ಶಾಲೆಯ ಮಕ್ಕಳು, ಬೈಕು, ಅಕ್ಕಿಮೂಟೆ, ಬೆನ್ನುಚೀಲದವರು, ಎಲ್ಲರೂ ಒಂದೇ ದೋಣಿಯಲ್ಲಿ ದಾಟುತ್ತಾರೆ. ಶಿರಸಿಯ ಬಳಿ ಹುಟ್ಟಿ ಒಂದೇ ಒಂದು ಅಣೆಕಟ್ಟಿನ ತಡೆಯಿಲ್ಲದೆ ಇಲ್ಲಿಗೆ ಬಂದು ಕಡಲು ಸೇರುವ ಹೊಳೆ ಇದು. ಇಳಿತದ ಹೊತ್ತಿಗೆ ನೀರಿಗಿಳಿದು ಬಳಚು ಚಿಪ್ಪು ಆಯುವ ಹೆಂಗಸರು ಗಂಡಸರು ನೂರಾರು. ದಡದ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆದು ಬೆಳೆಯುವ ಕಗ್ಗ ಭತ್ತ, ಅಂಚಿನಲ್ಲಿ ಕಾಂಡ್ಲಾ ಗಿಡಗಳು, ಮೇಲೆ ಕೊಕ್ಕರೆಗಳು. 2024ರಲ್ಲಿ ಈ ಅಳಿವೆಗೆ ಜಾಗತಿಕ ಮಹತ್ವದ ಜೌಗುಪ್ರದೇಶಗಳಿಗೆ ಸಲ್ಲುವ ರಾಮ್ಸಾರ್ ತಾಣದ ಮಾನ್ಯತೆ ಸಿಕ್ಕಿತು. ರೆಸಾರ್ಟಿನ ಈಜುಕೊಳದ ಬಳಿ ದಿನ ಕಳೆದವರಿಗೆ ಈ ಲೋಕ ಕಾಣುವುದಿಲ್ಲ. ಕೆಲವೇ ರೂಪಾಯಿಯ ದೋಣಿ ಟಿಕೆಟ್ಟು ಇದನ್ನು ತೋರಿಸುತ್ತದೆ.

ಸಂಜೆ ಕುಡ್ಲೆಯಲ್ಲಿ ಎಲ್ಲರೂ ಪಡುವಣಕ್ಕೆ ಮುಖ ಮಾಡಿ ಕೂರುತ್ತಾರೆ. ವಾಲಿಬಾಲ್ ನಿಲ್ಲುತ್ತದೆ, ಹಸುಗಳು ಮರಳಿನ ಮೇಲೆ ಮೆಲುಕು ಹಾಕುತ್ತಿರುತ್ತವೆ, ಯಾರದೋ ಗಿಟಾರ್ ಶ್ರುತಿಗೆ ಬರುತ್ತದೆ. ಕೆಂಪು ಕರಗಿದ ಮೇಲೆ ಗುಡ್ಡದ ಮೆಟ್ಟಿಲು ಹತ್ತಿ ಹಾಸ್ಟೆಲ್ಲಿಗೆ. ಅಲ್ಲಿ ಅಡುಗೆಮನೆಯಲ್ಲಿ ನೇಪಾಳದ ಹುಡುಗನೊಬ್ಬ ದಾಲ್‌ಗೆ ಒಗ್ಗರಣೆ ಕೊಡುತ್ತಿದ್ದಾನೆ. ಊಟವಾದ ಮೇಲೆ ತಟ್ಟೆ ತೊಳೆದಿಡುವುದು ಉಂಡವರ ಕೆಲಸ. ನಲ್ಲಿಯ ಮುಂದಿನ ಆ ಸಾಲಿನಲ್ಲಿ ನಾಳೆಯ ಯೋಜನೆಗಳು ಹುಟ್ಟುತ್ತವೆ: ಮಿರ್ಜಾನ್ ಕೋಟೆಗೋ, ಯಾಣಕ್ಕೋ, ಪ್ಯಾಸೆಂಜರ್ ರೈಲಿನಲ್ಲಿ ಮುರ್ಡೇಶ್ವರಕ್ಕೋ?

ಆದರೆ ನಮಗೆ ಅಗ್ಗವಾದದ್ದರ ಬೆಲೆಯನ್ನು ಈ ದಂಡೆ ತೆರಬಾರದು. ಮಾರ್ಚ್ ಕಳೆದರೆ ಗುಡ್ಡದ ಮೇಲಿನ ಬಾವಿಗಳು ತಳ ಕಾಣುತ್ತವೆ, ಟ್ಯಾಂಕರಿನಲ್ಲಿ ಬಂದ ನೀರಿನಲ್ಲಿ ನಾವು ಅರ್ಧ ಗಂಟೆ ಸ್ನಾನ ಮಾಡುತ್ತೇವೆ. ಪ್ಯಾರಡೈಸಿಗೆ ರಸ್ತೆಯಿಲ್ಲ ಎಂದರೆ ಅಲ್ಲಿ ಬಿಟ್ಟ ಕಸವನ್ನು ಹೊತ್ತು ತರಲು ಗಾಡಿಯೂ ಇಲ್ಲ ಎಂದೇ ಅರ್ಥ. ಜೀವದ ಎಚ್ಚರವೂ ಬೇಕು: ಮಳೆಗಾಲದಲ್ಲಿ ಯಾಂತ್ರಿಕ ದೋಣಿಗಳೇ ಜೂನ್ 1ರಿಂದ ಜುಲೈ 31ರವರೆಗೆ ದಡದಲ್ಲಿರುತ್ತವೆ. ಆ ಕಡಲಿಗೆ ಈಜು ಬಂದವರೂ ಇಳಿಯಬಾರದು. ಬಂಡೆಯ ಮೇಲೆ ಸೆಲ್ಫಿಗೆ ನಿಂತವರನ್ನು ತೆರೆ ಎಳೆದೊಯ್ದ ಸುದ್ದಿಯನ್ನು ನಾವು ಮತ್ತೆ ಮತ್ತೆ ಓದುತ್ತಲೇ ಇದ್ದೇವೆ.

ಹಾಗಾಗಿ ಹೊರಡುವವರಿಗೆ ಇಷ್ಟು ಮಾತು. ನವೆಂಬರಿನಿಂದ ಫೆಬ್ರವರಿಯೊಳಗೆ, ಸಾಧ್ಯವಾದರೆ ವಾರದ ನಡುವೆ ಬನ್ನಿ. ಸ್ಟೀಲಿನ ಬಾಟಲಿ, ಒಂದು ಬೀಗ, ತೆಳ್ಳನೆಯ ಹೊದಿಕೆ, ಬಟ್ಟೆಯ ಚೀಲ ಸಾಕು. ನಿಮ್ಮ ಕಸ ನಿಮ್ಮ ಚೀಲದಲ್ಲೇ ಊರಿಗೆ ಮರಳಲಿ. ಜೀವರಕ್ಷಕ ಸಿಬ್ಬಂದಿ ಸಿಳ್ಳೆ ಹಾಕಿದರೆ ವಾದ ಮಾಡದೆ ದಡಕ್ಕೆ ಬನ್ನಿ. ಹಾಸಿಗೆಯಲ್ಲಿ ಉಳಿಸಿದ ದುಡ್ಡಿನಲ್ಲಿ ಸ್ವಲ್ಪವನ್ನು ಹಾಲಕ್ಕಿ ಅಮ್ಮನ ಬುಟ್ಟಿಗೆ, ದೋಣಿಯವರಿಗೆ, ಪೇಟೆಯ ಊಟದ ಹೋಟೆಲಿಗೆ ಚೌಕಾಸಿ ಮಾಡದೆ ಕೊಡಿ.