ಖಾರ ಉರಿದರೂ ಯಾಕೆ ಬೇಕು?

ಮೆಣಸಿನಕಾಯಿ ಬೆಳೆಯುವ ನಾವು ಬೀಜ, ಗೊಬ್ಬರ, ಮುಟುರು ರೋಗ, ಪ್ಯಾಟಿ ದರ ಅಂತ ವರ್ಷವಿಡೀ ಮಾತಾಡುತ್ತೇವೆ. ಒಂದು ಮೂಲ ಪ್ರಶ್ನೆ ಮಾತ್ರ ಕೇಳಿಕೊಳ್ಳುವುದಿಲ್ಲ. ಬಾಯಿ ಉರಿಸಿ, ಮೂಗು ಸುರಿಸಿ, ಕಣ್ಣಲ್ಲಿ ನೀರು ತರಿಸುವ ಈ ಕಾಯಿಯನ್ನು ಜನ ದುಡ್ಡು ಕೊಟ್ಟು ಯಾಕೆ ಕೊಳ್ಳುತ್ತಾರೆ? ಬೆಲ್ಲ ಸಿಹಿ, ತಿಂತಾರೆ. ಶೇಂಗಾ ಹೊಟ್ಟೆ ತುಂಬಿಸ್ತದೆ, ತಿಂತಾರೆ. ಮೆಣಸಿನಕಾಯಿ ನೋವು ಕೊಡ್ತದೆ. ಅದನ್ನೂ ತಿಂತಾರೆ, ಹಾ ಹಾ ಅಂತ ಬಾಯಿ ಬಿಡುತ್ತಲೇ ಇನ್ನೊಂದಿಷ್ಟು ಹಾಕಿಸಿಕೊಳ್ತಾರೆ.

ನನ್ನದು ಗದಗ ಸೀಮೆಯ ಎರೆಭೂಮಿ. ಮಳೆ ನಂಬಿದ ಬೇಸಾಯ. ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಮೂರನ್ನೂ ಒಂದೇ ಹೊಲದಲ್ಲಿ ಬೆಳೆಯುವ ಪದ್ಧತಿ ನಮ್ಮ ಹಿರಿಯರಿಂದ ಬಂದದ್ದು. ಉಳ್ಳಾಗಡ್ಡಿ ಕಿತ್ತ ಮೇಲೆ ಮೆಣಸಿನಕಾಯಿ, ಅದು ಮುಗಿಯುವಾಗ ಹತ್ತಿ. ನಾನು ಓದಿದ್ದು ಏಳನೆಯ ಇಯತ್ತೆ. ವಿಜ್ಞಾನ ಓದಿದ ಮಗಳನ್ನು ಕೂರಿಸಿಕೊಂಡು ಕೇಳಿ ತಿಳಿದದ್ದು, ಮೂವತ್ತು ವರ್ಷ ಹೊಲದಲ್ಲಿ ಕಂಡದ್ದು ಎರಡನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಖಾರ ರುಚಿಯಲ್ಲ

ಮೊದಲನೆಯ ಸಂಗತಿ, ಖಾರ ಒಂದು ರುಚಿಯೇ ಅಲ್ಲ. ಸಿಹಿ, ಹುಳಿ, ಉಪ್ಪು, ಕಹಿ ಇವು ನಾಲಿಗೆಗೆ ಮಾತ್ರ ತಿಳಿಯುತ್ತವೆ. ಅಂಗೈ ಮೇಲೆ ಸಕ್ಕರೆ ಇಟ್ಟುಕೊಂಡರೆ ಸಿಹಿ ಗೊತ್ತಾಗುವುದಿಲ್ಲ. ಖಾರ ಹಾಗಲ್ಲ. ಕಣ್ಣಿಗೆ ತಾಗಿದರೆ ಕಣ್ಣು ಉರಿಯುತ್ತದೆ, ಗಾಯಕ್ಕೆ ತಾಗಿದರೆ ಗಾಯ ಉರಿಯುತ್ತದೆ. ಅದು ನೋವಿನ ಲೆಕ್ಕಕ್ಕೆ ಸೇರಿದ್ದು.

ಉರಿಸುವ ವಸ್ತುವಿನ ಹೆಸರು ಕ್ಯಾಪ್ಸೈಸಿನ್. ಬೀಜದಲ್ಲಿ ಖಾರ ಇರುತ್ತದೆ ಅಂತ ನಾವು ಹೇಳುವುದುಂಟು. ನಿಜವಾಗಿ ಅದು ತಯಾರಾಗುವುದು ಕಾಯಿಯೊಳಗೆ ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಅಲ್ಲಿಂದ ಬೀಜಕ್ಕೂ ತಾಗಿರುತ್ತದೆ. ಮಿರ್ಚಿ ಭಜಿ ಮಾಡುವಾಗ ಕಾಯಿ ಸೀಳಿ ಒಳಗಿನದನ್ನು ಕೆರೆದು ತೆಗೆದರೆ ಖಾರ ಇಳಿಯುವುದು ಇದಕ್ಕೇ.

ನಮ್ಮ ಬಾಯಲ್ಲಿ, ಚರ್ಮದಲ್ಲಿ ಬಿಸಿ ಗುರುತಿಸುವ ನರದ ತುದಿಗಳಿವೆ. ಸುಮಾರು 43 ಡಿಗ್ರಿ ದಾಟಿದ ಬಿಸಿ ತಾಗಿದರೆ ಅವು "ಸುಡ್ತು" ಅಂತ ಮಿದುಳಿಗೆ ಸುದ್ದಿ ಕಳಿಸುತ್ತವೆ. ಕ್ಯಾಪ್ಸೈಸಿನ್ ತಾಗಿದರೂ ಅದೇ ಬಾಗಿಲು ತೆರೆಯುತ್ತದೆ, ಅದೇ ಸುದ್ದಿ ಹೋಗುತ್ತದೆ. ಬಾಯಲ್ಲಿ ಬೆಂಕಿ ಇರುವುದಿಲ್ಲ, ಬೊಬ್ಬೆ ಏಳುವುದಿಲ್ಲ, ಆದರೂ ಸುಟ್ಟ ಹಾಗೆ ಆಗುತ್ತದೆ. ಪೆಪ್ಪರಮಿಂಟು ತಿಂದಾಗ ಬಾಯಿ ತಣ್ಣಗಾದಂತೆ ಅನಿಸುವುದೂ ಹೀಗೇ, ಅಲ್ಲಿ ತಂಪು ಗುರುತಿಸುವ ಬಾಗಿಲು ತೆರೆದಿರುತ್ತದೆ. ಖಾರದ ಈ ಬಾಗಿಲನ್ನು 1997ರಲ್ಲಿ ಪತ್ತೆಹಚ್ಚಿದವರು ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಅವರ ಜೊತೆಗಾರರು. ಬಿಸಿ ಮತ್ತು ಸ್ಪರ್ಶ ನಮಗೆ ಹೇಗೆ ತಿಳಿಯುತ್ತವೆ ಎಂಬುದನ್ನು ಕಂಡುಹಿಡಿದದ್ದಕ್ಕೆ 2021ರ ನೊಬೆಲ್ ಪ್ರಶಸ್ತಿ ಜೂಲಿಯಸ್ ಅವರಿಗೂ ಆರ್ಡೆಮ್ ಪಟಪೂಟಿಯನ್ ಅವರಿಗೂ ಸೇರಿ ಬಂತು. ನಾವು ಬೆಳೆಯುವ ಕಾಯಿ ಅಲ್ಲಿಯವರೆಗೆ ಹೋಗಿದೆ.

ಗಿಡಕ್ಕೆ ಖಾರ ಯಾಕೆ ಬೇಕಾಯ್ತು?

ಗಿಡ ನಮಗೋಸ್ಕರ ಖಾರ ಮಾಡಿದ್ದಲ್ಲ. ನಮ್ಮ ಹೊಲದಲ್ಲಿ ಹಣ್ಣಾದ ಮೆಣಸಿನಕಾಯಿಗೆ ಗಿಳಿ ಬೀಳುವುದು ಎಲ್ಲರಿಗೂ ಗೊತ್ತು. ಹಕ್ಕಿಗಳಿಗೆ ಖಾರ ಉರಿಯುವುದಿಲ್ಲ, ಅವುಗಳ ಆ ಬಾಗಿಲು ಕ್ಯಾಪ್ಸೈಸಿನ್‌ಗೆ ತೆರೆಯುವುದಿಲ್ಲ. ಇಲಿಗೆ, ಹಂದಿಗೆ, ನಮಗೆ ತೆರೆಯುತ್ತದೆ. ಅಮೆರಿಕದಲ್ಲಿ ಕಾಡು ಮೆಣಸಿನಕಾಯಿಯ ಮೇಲೆ ನಡೆದ ಒಂದು ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಹಕ್ಕಿ ತಿಂದ ಬೀಜ ಹಿಕ್ಕೆಯಲ್ಲಿ ಕೆಡದೆ ಬಂದು ಮೊಳೆಯಿತು, ಇಲಿ ಜಾತಿಯವು ತಿಂದ ಬೀಜ ಮೊಳೆಯಲಿಲ್ಲ. ಬೊಲಿವಿಯಾ ದೇಶದ ಕಾಡುಗಿಡಗಳ ಮೇಲಿನ ಇನ್ನೊಂದು ಅಧ್ಯಯನ 2008ರಲ್ಲಿ ಬಂತು. ಖಾರ ಇರುವ ಕಾಯಿಯ ಬೀಜಕ್ಕೆ ಬೂಷ್ಟು ಹತ್ತುವುದು ಕಡಿಮೆ ಅಂತ ಅದರಲ್ಲಿ ಕಂಡಿತು. ಅಂದರೆ ಗಿಡಕ್ಕೆ ಖಾರವೇ ಬೇಲಿ. ಬೀಜ ಹಾಳು ಮಾಡುವವರನ್ನು ದೂರ ಇಡೋದು, ಬೀಜ ಬಿತ್ತುವ ಹಕ್ಕಿಯನ್ನು ಒಳಗೆ ಬಿಡೋದು.

ಆ ಬೇಲಿಯನ್ನು ಹಾರಿ ಬಂದವನು ಮನುಷ್ಯ.

ಹಂದಿ, ನಾಯಿಗೆ ಹಿಡಿಸದ್ದು ಮನುಷ್ಯನಿಗೆ

ಮೆಣಸಿನಕಾಯಿಯ ತವರು ಅಮೆರಿಕ ಖಂಡ. ನಮ್ಮ ದೇಶಕ್ಕೆ ತಂದವರು ಪೋರ್ಚುಗೀಸರು, ಅದೂ 1498ರಲ್ಲಿ ಅವರು ಕಲ್ಲಿಕೋಟೆಗೆ ಬಂದ ಮೇಲಿನ ಮಾತು. ಅದಕ್ಕೆ ಮುಂಚೆ ನಮ್ಮ ಅಡಿಗೆಗೆ ಖಾರ ಕೊಡುತ್ತಿದ್ದದ್ದು ಕಾಳುಮೆಣಸು, ಶುಂಠಿ, ಹಿಪ್ಪಲಿ. ಹೊಸ ಕಾಯಿ ಬಂದಾಗ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಅಂದೆವು. ಈಗ ಅದಿಲ್ಲದೆ ರೊಟ್ಟಿ ಗಂಟಲಿಗೆ ಇಳಿಯುವುದಿಲ್ಲ.

ಪಾಲ್ ರೋಜಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲಿ ಮೆಕ್ಸಿಕೋದ ಒಂದು ಹಳ್ಳಿಗೆ ಹೋಗಿ ಇದೇ ಪ್ರಶ್ನೆ ಕೇಳಿದರು. ಅಲ್ಲಿ ಜನ ದಿನಾ ಮೆಣಸಿನಕಾಯಿ ತಿನ್ನುವವರು. ಮನೆಯ ಹಂದಿ, ನಾಯಿಗಳೂ ಅದೇ ಮುಸುರೆ ತಿಂದು ಬೆಳೆದವು. ಆದರೆ ಖಾರ ಹಚ್ಚಿದ್ದು, ಹಚ್ಚದ್ದು ಎರಡೂ ಮುಂದಿಟ್ಟರೆ ಅವು ಖಾರ ಇಲ್ಲದ್ದಕ್ಕೇ ಮೊದಲು ಬಾಯಿ ಹಾಕಿದವು. ಹಸಿವಿಗೆ ತಿನ್ನುವುದು ಬೇರೆ, ಇಷ್ಟಪಟ್ಟು ತಿನ್ನುವುದು ಬೇರೆ.

ಅಲ್ಲಿಯ ಮಕ್ಕಳಿಗೂ ಹುಟ್ಟಾ ಖಾರ ಹಿಡಿಸುತ್ತಿರಲಿಲ್ಲ. ದೊಡ್ಡವರು, ಅಣ್ಣ-ಅಕ್ಕ ತಿನ್ನುವುದನ್ನು ನೋಡುತ್ತಾ, ಒಂದು ಚೂರು ನೆಕ್ಕುತ್ತಾ, ಶಾಲೆಗೆ ಹೋಗುವ ವಯಸ್ಸಿಗೆ ತಾವಾಗಿ ಬೇಡುತ್ತಿದ್ದರು. ಒತ್ತಾಯ ಇರಲಿಲ್ಲ. ನಮ್ಮ ಮನೆಗಳಲ್ಲೂ ಹೀಗೇ ಅಲ್ಲವೇ? ಕೂಸಿಗೆ ಮೊದಲು ಹಾಲು-ರೊಟ್ಟಿ, ಆಮೇಲೆ ತೊಳೆದ ಪಲ್ಯ, ಆಮೇಲೆ ಬೆರಳ ತುದಿಯ ಚಟ್ನಿ. ಒಂದು ದಿನ ಅದೇ ಹುಡುಗ "ಯವ್ವಾ, ರಂಜಕ ಹಾಕು" ಅಂತಾನೆ. ಅವತ್ತು ಅವನು ದೊಡ್ಡವರ ಪಂಕ್ತಿಗೆ ಬಂದ ಹಾಗೆ.

ರೋಜಿನ್ ಕೊಟ್ಟ ವಿವರಣೆ ನನಗೆ ಹಿಡಿಸಿತು. ದೇಹ "ಅಪಾಯ" ಅಂತ ಕೂಗುತ್ತದೆ, ಮನಸ್ಸಿಗೆ ಮಾತ್ರ ಅಪಾಯ ಇಲ್ಲ ಅಂತ ಗೊತ್ತು. ಆ ಗೊತ್ತಿರುವುದರಲ್ಲೇ ಸುಖ. ಜಾತ್ರೆಯಲ್ಲಿ ತೊಟ್ಟಿಲು ಏರಿದವರು ಮೇಲಿಂದ ಇಳಿಯುವಾಗ ಕಿರುಚುತ್ತಾರೆ, ಇಳಿದು ಮತ್ತೆ ಚೀಟಿ ತೆಗೆಸುತ್ತಾರೆ. ಸಂಗ್ಯಾ ಬಾಳ್ಯಾ ಆಟ ನೋಡಿ ಕಣ್ಣೀರು ಹಾಕಿದವರು ಮುಂದಿನ ಊರಲ್ಲಿ ಆಟ ಇದ್ದರೆ ಅಲ್ಲಿಗೂ ನಡೆಯುತ್ತಾರೆ. ಖಾರದ ಮಾತೂ ಅದೇ. ಇನ್ನೊಂದು ಚೂರು ಹೆಚ್ಚಾದರೆ ತಡೆಯಲಾರೆ ಅನ್ನುವ ಗೆರೆಯ ಹತ್ತಿರದ ಖಾರವನ್ನೇ ಖಾರ ಇಷ್ಟಪಡುವವರು ಹೆಚ್ಚು ಮೆಚ್ಚುತ್ತಾರೆ ಅಂತಲೂ ಅವರು ಕಂಡುಕೊಂಡರು. ನೋವು ತಾಗಿದಾಗ ದೇಹ ತಾನೇ ನೋವು ಶಮನ ಮಾಡುವ ರಸ ಬಿಡುತ್ತದೆ, ಊಟದ ಮೇಲಿನ ಹಿತಕ್ಕೆ ಅದೂ ಕಾರಣ ಇರಬಹುದು ಎಂಬುದು ಕೆಲವರ ವಾದ. ದಿನಾ ತಿಂದವರ ನರ ಸ್ವಲ್ಪ ಮರಗಟ್ಟುವುದಂತೂ ಹೌದು, ಪ್ಯಾಟಿಯಿಂದ ಬಂದ ಬೀಗರಿಗೆ ಬೆವರು ಇಳಿಸುವ ಸಾರು ನಮಗೆ ಸಪ್ಪೆ ಅನಿಸುತ್ತದೆ.

ತಾಟಿನಲ್ಲೇ ಮದ್ದು

ನಮ್ಮ ಊಟದ ತಾಟು ನೋಡಿ. ಜೋಳದ ರೊಟ್ಟಿ, ಒಂದು ಉಂಡಿ ಕೆಂಪು ಚಟ್ನಿ, ಅದರ ನಡುವೆ ಕುಳಿ ಮಾಡಿ ಎಣ್ಣೆ, ಪಕ್ಕದಲ್ಲಿ ಮೊಸರು, ಜಜ್ಜಿದ ಉಳ್ಳಾಗಡ್ಡಿ. ಕ್ಯಾಪ್ಸೈಸಿನ್ ನೀರಿಗೆ ಕರಗುವುದಿಲ್ಲ, ಎಣ್ಣೆ-ಜಿಡ್ಡಿಗೆ ಕರಗುತ್ತದೆ. ಹಾಲು-ಮೊಸರಿನಲ್ಲಿರುವ ಕೇಸಿನ್ ಎಂಬ ಸತ್ವ ಅದನ್ನು ನಾಲಿಗೆಯಿಂದ ಬಿಡಿಸಿಕೊಂಡು ಹೋಗುತ್ತದೆ. ಬಾಯಿ ಉರಿದಾಗ ತಂಬಿಗೆ ನೀರು ಕುಡಿದರೂ ಇಳಿಯದ ಉರಿ ಎರಡು ಗುಟುಕು ಮಜ್ಜಿಗೆಗೆ ಇಳಿಯುವುದು ಇದಕ್ಕೇ. ಉರಿಯೂ, ಆರಿಸುವ ಮದ್ದೂ ಒಂದೇ ತಾಟಿನಲ್ಲಿ. ಎಷ್ಟು ಅದ್ದಬೇಕು, ಯಾವಾಗ ನಿಲ್ಲಿಸಬೇಕು ಎಲ್ಲಾ ಉಣ್ಣುವವನ ಕೈಯಲ್ಲಿ. ಪಲ್ಯ ಇಲ್ಲದ ದಿನ ಖಾರವೇ ಪಲ್ಯ, ಬಾಯಲ್ಲಿ ನೀರೂರಿಸಿ ಮೂರು ರೊಟ್ಟಿ ಇಳಿಸುತ್ತದೆ.

ಈ ಹಿಡಿತ ತಪ್ಪಿದರೆ ಸುಖವೂ ಇಲ್ಲ. ಖಾರ ಅಳೆಯುವ ವಿಧಾನವನ್ನು 1912ರಲ್ಲಿ ಹೇಳಿಕೊಟ್ಟವರು ವಿಲ್ಬರ್ ಸ್ಕೋವಿಲ್. ಆ ಲೆಕ್ಕದಲ್ಲಿ ದೊಣ್ಣೆಮೆಣಸು ಸೊನ್ನೆ. ನಮ್ಮ ಬ್ಯಾಡಗಿ ಡಬ್ಬಿ ಸಾಮಾನ್ಯವಾಗಿ 8 ರಿಂದ 15 ಸಾವಿರ. ಅಸ್ಸಾಂ ಕಡೆಯ ಭೂತ್ ಜೊಲೋಕಿಯಾ 10 ಲಕ್ಷ ದಾಟಿ 2007ರಲ್ಲಿ ಗಿನ್ನೆಸ್ ದಾಖಲೆ ಮಾಡಿತು. 2023ರಲ್ಲಿ ಅಮೆರಿಕದ ಪೆಪ್ಪರ್ ಎಕ್ಸ್ ಎಂಬ ತಳಿ 26 ಲಕ್ಷ 93 ಸಾವಿರ ಮುಟ್ಟಿತು. ಪಂದ್ಯ ಕಟ್ಟಿ ಇಂಥವನ್ನು ನುಂಗಿ ಆಸ್ಪತ್ರೆ ಸೇರಿದವರಿದ್ದಾರೆ. ಪಂದ್ಯದಲ್ಲಿ ನಿಲ್ಲಿಸುವ ಅಧಿಕಾರ ನಾಲಿಗೆಗೆ ಇರುವುದಿಲ್ಲ, ಸುತ್ತ ನಿಂತವರಿಗೆ ಇರುತ್ತದೆ. ನಮ್ಮ ಹುಡುಗರಿಗೆ ಇದನ್ನು ಹೇಳಬೇಕು.

ಬೇರೆಯವರ ಕೈಯಲ್ಲಿ ಖಾರ ಶಿಕ್ಷೆಯಾಗುತ್ತದೆ. ಹಠ ಮಾಡಿದ ಮಕ್ಕಳಿಗೆ ಮೆಣಸಿನಕಾಯಿ ಹೊಗೆ ಹಾಕುವುದು ನಮ್ಮ ಕಡೆಯೂ ಇತ್ತು. ಮೆಣಸಿನಕಾಯಿಯ ತವರಿನಲ್ಲೂ ಇತ್ತು, ಮೆಕ್ಸಿಕೋದ ಅಜ್ಟೆಕ್ ಜನರ ಬದುಕನ್ನು ತೋರಿಸುವ 1540ರ ಸುಮಾರಿನ ಚಿತ್ರಗ್ರಂಥವೊಂದರಲ್ಲಿ ಅಪ್ಪ ಮಗನಿಗೆ ಖಾರದ ಹೊಗೆ ಹಿಡಿಸುವ ಚಿತ್ರ ಇದೆ. ಅದೇ ಕಾಯಿ, ಅದೇ ಉರಿ. ಬೇಡವೆಂದರೂ ಬಿಡದಾಗ ಅದರಲ್ಲಿ ಸುಖದ ಮಾತೇ ಇಲ್ಲ.

ಬಿಡಿಸುವ ಕೈಗಳು

ಇಷ್ಟು ತಿಳಿದ ಮೇಲೆ ನನಗೆ ಹೆಚ್ಚು ಕಾಡುವುದು ನಮ್ಮ ಹೊಲದ, ಕಣದ ವಿಷಯ. ಡಿಸೆಂಬರದಿಂದ ಫೆಬ್ರವರಿವರೆಗೆ ಮೆಣಸಿನಕಾಯಿ ಬಿಡಿಸುವವರು, ಆರಿಸುವವರು, ತೊಟ್ಟು ಮುರಿಯುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಒಣಗಿದ ಕಾಯಿಯ ಧೂಳು ಮೂಗಿಗೆ ಹೋಗುತ್ತದೆ, ಬೆರಳ ಸಂದಿ ಉರಿಯುತ್ತದೆ. ನಮ್ಮ ಹೊಲಕ್ಕೆ ಬರುವ ಒಬ್ಬ ತಾಯಿ ಹೇಳಿದ್ದು: "ನಿಮಗ ರೊಟ್ಟಿ ಜೋಡಿ ಖಾರ ಛಲೋ ಅನಸ್ತೈತಿ ಅಣ್ಣಾರ. ನಮಗ ರಾತ್ರಿ ಕೂಸಿನ ಮೈ ಮುಟ್ಟಾಕ ಬರಂಗಿಲ್ಲ."

ಆಕೆಯೂ ಮನೆಗೆ ಹೋಗಿ ಉಣ್ಣುವುದು ಖಾರದ ಚಟ್ನಿಯನ್ನೇ. ನಾಲಿಗೆಯ ಉರಿ ಆಕೆ ಬೇಡಿ ಪಡೆದದ್ದು. ಕೈಯ ಉರಿ ಕೂಲಿಯ ಜೊತೆ ಬಂದದ್ದು, ಅದನ್ನು ನಿಲ್ಲಿಸಿದರೆ ಕೂಲಿಯೂ ನಿಲ್ಲುತ್ತದೆ. ತಿನ್ನುವವರ ಸುಖದ ಹಿಂದೆ ಈ ಉರಿ ಇದೆ ಅಂತ ಬೆಳೆಯುವ ನಾವಾದರೂ ನೆನಪಿಡಬೇಕು. ತಾಟಿನಲ್ಲಿ ಉರಿ ಆರಿಸುವ ವ್ಯವಸ್ಥೆ ಇದ್ದ ಹಾಗೆ ಹೊಲದಲ್ಲೂ ಇರಲಿ. ಖರ್ಚು ದೊಡ್ಡದಲ್ಲ.

1. ಕೆಲಸ ಶುರು ಮಾಡುವ ಮುಂಚೆ ತೆಳ್ಳನೆಯ ರಬ್ಬರ್ ಕೈಚೀಲ ಕೊಡಿ. ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಳ್ಳಲಿ.

2. ಕೈ ಉರಿಯುತ್ತಿದ್ದರೆ ಬರೀ ನೀರಲ್ಲಿ ತೊಳೆದರೆ ಸಾಲದು. ಮೊದಲು ಅಡಿಗೆ ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿ ಒರೆಸಬೇಕು, ಆಮೇಲೆ ಸಾಬೂನು ಹಚ್ಚಿ ತೊಳೆಯಬೇಕು. ಹೊಲದಲ್ಲಿ ಒಂದು ಬಾಟಲಿ ಎಣ್ಣೆ, ಒಂದು ಸಾಬೂನು, ಕೊಡ ನೀರು ಇರಲಿ.

3. ಕಣ್ಣಿಗೆ ಬಿದ್ದರೆ ಉಜ್ಜಬಾರದು. ಶುದ್ಧ ನೀರಿನಿಂದ ಬಹಳ ಹೊತ್ತು ತೊಳೆಯಬೇಕು. ಉರಿ ಇಳಿಯದಿದ್ದರೆ ಡಾಕ್ಟರ ಹತ್ತಿರ ಹೋಗಬೇಕು.

4. ಎಳೆಗೂಸಿನ ತಾಯಂದಿರಿಗೆ ಕಾಯಿ ಮುಟ್ಟುವ ಕೆಲಸ ಬಿಟ್ಟು ಬೇರೆ ಕೆಲಸ ಕೊಡಿ, ಅದೇ ಕೂಲಿಗೆ.

ನಮ್ಮ ಮನೆಗೆ ಒಂದು ಸಾಲು

ಇನ್ನೊಂದು ಮಾತು. ಪ್ಯಾಟಿಯಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ದರ ಸಿಗುವುದು ಮುಖ್ಯವಾಗಿ ಬಣ್ಣಕ್ಕೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಅದರ ಕೆಂಪು ಸತ್ವ ತೆಗೆದು ಆಹಾರಕ್ಕೂ ತುಟಿಗೆ ಹಚ್ಚುವ ಬಣ್ಣಕ್ಕೂ ಬಳಸುತ್ತಾರೆ. ಅದು ಒಳ್ಳೆಯದೇ, ನಾವು ಬದುಕುವುದೇ ಅದರಿಂದ. ಆದರೆ ವ್ಯಾಪಾರಿ ಕೇಳುವ ಬಣ್ಣ ಬೇರೆ, ನಮ್ಮ ನಾಲಿಗೆ ಕೇಳುವ ಖಾರ ಬೇರೆ. ಮನೆಯ ಖಾರದ ಪುಡಿಗೆ ಎರಡು ಜಾತಿ ಕೂಡಿಸಿ ಕುಟ್ಟಿಸುವುದು ನಮ್ಮ ಹೆಣ್ಣುಮಕ್ಕಳಿಗೆ ಮೊದಲಿನಿಂದ ಗೊತ್ತು. ಬಣ್ಣಕ್ಕೆ ಒಂದು, ಉರಿಗೆ ಒಂದು. ಆ ಎರಡನೆಯದರ ಬೀಜ ಅನೇಕ ಊರುಗಳಲ್ಲಿ ಹೋಗಿಬಿಟ್ಟಿದೆ. ಬದುವಿನ ಹತ್ತಿರ ಒಂದು ಸಾಲು ಜವಾರಿ ಖಾರದ ಗಿಡ ಇಟ್ಟು, ಒಳ್ಳೆಯ ಗಿಡದ ಹಣ್ಣು ಆರಿಸಿ ಬೀಜ ಕಟ್ಟಿದರೆ ವರ್ಷದ ಖಾರ ಮನೆಯಲ್ಲೇ ಆಗುತ್ತದೆ. ಗಿಳಿ ನಾಲ್ಕು ಕಾಯಿ ತಿಂದರೆ ತಿನ್ನಲಿ.

ನಿಮ್ಮ ಕಡೆ ಕೈ ಉರಿಗೆ ಏನು ಮಾಡುತ್ತೀರಿ, ಮನೆ ಖಾರಕ್ಕೆ ಯಾವ ಜಾತಿ ಉಳಿಸಿಕೊಂಡಿದ್ದೀರಿ, ಪತ್ರಿಕೆಗೆ ಬರೆಯಿರಿ. ಹಿಡಿ ಬೀಜ ಇದ್ದವರು ಇಲ್ಲದವರಿಗೆ ಕೊಟ್ಟರೆ ಇನ್ನೂ ಒಳ್ಳೆಯದು.