ನೆಲದೊಳಗಿನ ಕಿರುಸುರಂಗ: ನಗರದ ಸಂಚಾರಕ್ಕೆ ಮದ್ದಾದೀತೆ?

ನೆಲವನ್ನು ತೋಡಿ ಬಳಸುವ ವಿದ್ಯೆ ನಮ್ಮ ರೋಣ, ನರಗುಂದ, ಗಜೇಂದ್ರಗಡ ಭಾಗದ ಹಿರಿಯರಿಗೆ ಹೊಸದೇನೂ ಅಲ್ಲ. ಸುಗ್ಗಿ ಮುಗಿದು ಜೋಳದ ರಾಶಿ ಮನೆಗೆ ಬಂದ ಮೇಲೆ ಹಗೇವಿನಲ್ಲಿ ತುಂಬಿಡುವ ವಾಡಿಕೆ ಇತ್ತು. ಮುಂದೆ ಹಗೇವುಗಳು ಬರಿದಾದವು, ಅವುಗಳ ಮೇಲೆಯೇ ಮನೆಗಳೂ ರಸ್ತೆಗಳೂ ಎದ್ದವು. 2019-20ರ ಸುಮಾರಿಗೆ ನರಗುಂದ ಪಟ್ಟಣದ ಹಲವು ಓಣಿಗಳಲ್ಲಿ ನೆಲ ಕುಸಿಯತೊಡಗಿದಾಗ ಮರೆತುಹೋದ ಹಗೇವುಗಳೂ ಏರಿದ ಅಂತರ್ಜಲವೂ ಅದಕ್ಕೆ ಕಾರಣವೆಂಬ ಮಾತು ಮುಂದೆ ಬಂದಿತು. ನೆಲದ ಮೇಲೆ ಮಾಡಿದ ತಪ್ಪನ್ನು ಅಳಿಸಿ ತಿದ್ದಬಹುದು. ನೆಲದೊಳಗೆ ಮಾಡಿದ್ದು ತಲೆಮಾರುಗಳವರೆಗೆ ಉಳಿಯುತ್ತದೆ.

ಈ ಮಾತು ಈಗ ನೆನಪಾಗಲು ಕಾರಣವಿದೆ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನಮ್ಮ ಬಳಗದ ಹುಡುಗನೊಬ್ಬ ಹಬ್ಬಕ್ಕೆಂದು ಗಜೇಂದ್ರಗಡಕ್ಕೆ ಬಂದಿದ್ದ. ರಾತ್ರಿ ಪೂರ್ತಿ ಬಸ್ಸಿನಲ್ಲಿ ಬಂದ ದಣಿವಿಗಿಂತ ಬೆಂಗಳೂರು ದಾಟಿ ಹೊರಬೀಳಲು ಪಟ್ಟ ಪಾಡನ್ನೇ ಅವನು ಹೆಚ್ಚಾಗಿ ಹೇಳಿಕೊಂಡ. ಕೊನೆಗೆ, "ಕಾಕಾ, ಅಮೇರಿಕಾದಾಗ ಭೂಮಿಯೊಳಗ ಸಣ್ಣ ಸುರಂಗ ಕೊರದು ಕಾರು ಓಡಸ್ತಾರ. ನಮ್ಮಲ್ಲೂ ಹಂಗ ಮಾಡಿದ್ರ ಎಲ್ಲಾ ಸರಿ ಹೋಗ್ತದ" ಎಂದ. ಸರಿ ಹೋದೀತೇ ಎಂಬುದನ್ನು ವಾಚಕರೊಡನೆ ಸಮಾಧಾನದಿಂದ ವಿಚಾರಿಸಬೇಕೆಂದು ನಮಗನ್ನಿಸಿತು. ಈ ಭಾಗದ ಅನೇಕ ಮನೆಗಳ ಮಕ್ಕಳು ಇಂದು ಆ ನಗರದಲ್ಲಿದ್ದಾರೆ.

ಕಿರುಸುರಂಗದ ಹೆಚ್ಚುಗಾರಿಕೆ

ಆ ಹುಡುಗ ಹೇಳಿದ ಸುರಂಗ ಅಮೇರಿಕೆಯ ಲಾಸ್ ವೇಗಾಸ್ ನಗರದ ಸಮ್ಮೇಳನ ಕೇಂದ್ರದಲ್ಲಿದೆ. ಇಲಾನ್ ಮಸ್ಕ್ ಅವರು ಸ್ಥಾಪಿಸಿದ ಬೋರಿಂಗ್ ಕಂಪನಿ ಅದನ್ನು ಸುಮಾರು 5 ಕೋಟಿ ಡಾಲರ್ ವೆಚ್ಚದಲ್ಲಿ ನಿರ್ಮಿಸಿತು. 2021ರಲ್ಲಿ ಬಳಕೆಗೆ ತೆರೆದಾಗ ಅದರಲ್ಲಿ ಮೂರು ನಿಲ್ದಾಣಗಳಿದ್ದವು. ಎರಡು ಸುರಂಗಗಳ ಒಟ್ಟು ಉದ್ದ ಮೂರು ಕಿ.ಮೀ.ಗೂ ಕಡಿಮೆ. ವಿದ್ಯುತ್ ಕಾರುಗಳನ್ನು ಚಾಲಕರು ನಡೆಸುತ್ತಿದ್ದರು. ಪ್ರಯಾಣಿಕರು ನಿಲ್ದಾಣದಲ್ಲಿ ಕಾರು ಹತ್ತಿ, ಎರಡೇ ನಿಮಿಷಗಳಲ್ಲಿ ಆ ತುದಿಯಲ್ಲಿ ಇಳಿಯುತ್ತಿದ್ದರು.

ಇದರ ಮೂಲತತ್ತ್ವ ಸರಳವಾಗಿದೆ. ಸಾಮಾನ್ಯ ರಸ್ತೆ ಸುರಂಗದ ಅಡ್ಡಳತೆ 28 ಅಡಿಗಳಷ್ಟಾದರೆ ಇದರದು ಕೇವಲ 12 ಅಡಿ. ಅಡ್ಡಳತೆ ಅರ್ಧಕ್ಕಿಳಿದರೆ ಅಗೆಯಬೇಕಾದ ಮಣ್ಣು ಅರ್ಧವಾಗುವುದಿಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. 28 ಅಡಿಯದನ್ನು 12ಕ್ಕೆ ಇಳಿಸಿದರೆ ಐದರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಮಣ್ಣು ತೆಗೆದರೆ ಸಾಕು. ಖರ್ಚೂ ಕಾಲವೂ ಉಳಿಯುತ್ತವೆ. ಇದನ್ನು ಬುದ್ಧಿವಂತಿಕೆಯ ಕೆಲಸವೆಂದು ಒಪ್ಪಿಕೊಳ್ಳಲೇಬೇಕು.

ತೂಕಕ್ಕೆ ಹಾಕಿದಾಗ

ಆದರೆ ಸುರಂಗ ಅಗ್ಗವಾಯಿತೇ ಎಂದು ಕೇಳಿದರೆ ಸಾಲದು, ಅದರೊಳಗೆ ಎಷ್ಟು ಜನ ಹೋದರು ಎಂದೂ ಕೇಳಬೇಕು. ಲಾಸ್ ವೇಗಾಸಿನ ವ್ಯವಸ್ಥೆಗೆ ಗೊತ್ತುಪಡಿಸಿದ ಗುರಿ ಗಂಟೆಗೆ 4,400 ಜನ. ನಮ್ಮ ಮೆಟ್ರೋದ ಆರು ಬೋಗಿಗಳ ಒಂದೇ ರೈಲು ತುಂಬಿದಾಗ ಸುಮಾರು 2,000 ಜನರನ್ನು ಹೊರುತ್ತದೆ. ಎಂದರೆ ಆ ಸುರಂಗಗಳ ಒಂದು ಗಂಟೆಯ ದುಡಿತವನ್ನು ಎರಡು ಮೂರು ರೈಲುಗಳು ಮುಗಿಸಿಬಿಡುತ್ತವೆ. ಸಮ್ಮೇಳನಕ್ಕೆ ಬಂದವರನ್ನು ಒಂದು ಸಭಾಂಗಣದಿಂದ ಇನ್ನೊಂದಕ್ಕೆ ಒಯ್ಯಲು ಅದು ಸಾಕಾದೀತು. ಕೋಟಿ ಜನರ ನಗರಕ್ಕೆ ಸಾಲದು. ಇದೇ ಕಂಪನಿಯನ್ನು 2018ರಲ್ಲಿ ಷಿಕಾಗೊ ನಗರವು ವಿಮಾನ ನಿಲ್ದಾಣದ ಮಾರ್ಗಕ್ಕೆ ಆರಿಸಿತ್ತು; ಆ ಯೋಜನೆ ಮುಂದುವರಿಯಲಿಲ್ಲ.

ಇಕ್ಕಟ್ಟಾದ ಸುರಂಗದಲ್ಲಿ ಕಾರೊಂದು ಕೆಟ್ಟು ನಿಂತರೆ ಅಥವಾ ಹೊತ್ತಿಕೊಂಡರೆ ಜನ ಹೊರಬರುವ ದಾರಿ ಯಾವುದು ಎಂಬ ಪ್ರಶ್ನೆಯೂ ಉಂಟು. ಗಾಳಿಯ ಕೊಳವೆ, ತುರ್ತು ದ್ವಾರ, ಬೆಂಕಿ ಆರಿಸುವ ಏರ್ಪಾಡು ಇವೆಲ್ಲ ಸೇರಿದಂತೆ ಅಗ್ಗದ ಸುರಂಗವೂ ತುಟ್ಟಿಯಾಗುತ್ತ ಹೋಗುತ್ತದೆ.

ಬೆಂಗಳೂರಿನ ದೊಡ್ಡ ಸುರಂಗ

ನಮ್ಮ ರಾಜಧಾನಿಯಲ್ಲಿ ಚರ್ಚೆಗೆ ಬಂದಿರುವುದು ಕಿರುಸುರಂಗವಲ್ಲ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 16.7 ಕಿ.ಮೀ. ಉದ್ದದ ಜೋಡಿ ಸುರಂಗ ರಸ್ತೆಯ ಯೋಜನೆ ಅದು. ಅಂದಾಜು ವೆಚ್ಚ 17,000 ಕೋಟಿ ರೂಪಾಯಿಗಳನ್ನು ಮೀರಿತ್ತು. 2025ರಲ್ಲಿ ಟೆಂಡರನ್ನೂ ಕರೆಯಲಾಯಿತು. ಕಾರಿನವರು ಸುಂಕ ತೆತ್ತು ಸಾಗಬೇಕು. ಯೋಜನಾ ವರದಿಯಂತೆ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಲಾಲ್‌ಬಾಗಿನ ಸುಮಾರು 300 ಕೋಟಿ ವರ್ಷಗಳ ಪುರಾತನ ಬಂಡೆಗೆ ಧಕ್ಕೆಯಾದೀತೆಂದು ಅದೇ ವರ್ಷ ನಾಗರಿಕರು ತೀವ್ರ ಆಕ್ಷೇಪವೆತ್ತಿದರು.

ಗಾತ್ರ ಹಿರಿದಾದರೂ ಇದರ ಮೂಲದೋಷ ಕಿರುಸುರಂಗದ್ದೇ. ಒಂದು ಸಾಲಿನಲ್ಲಿ ಗಂಟೆಗೆ ಹೆಚ್ಚೆಂದರೆ ಎರಡು ಸಾವಿರ ಕಾರುಗಳು ಹೋಗಬಲ್ಲವು. ಕಾರಿಗೆ ಒಬ್ಬರೋ ಇಬ್ಬರೋ ಕುಳಿತಿದ್ದರೆ ಆ ಸಾಲಿನಲ್ಲಿ ಸಾಗಿದವರು ಮೂರು ಸಾವಿರದಷ್ಟು ಜನ ಮಾತ್ರ. ಇನ್ನು ಸುರಂಗದಿಂದ ಹೊರಬಿದ್ದ ಕಾರುಗಳು ಅದೇ ಹಳೆಯ ಬೀದಿಗಳಿಗೇ ಬಂದು ಸೇರಬೇಕು. 2003ರಲ್ಲಿ ಹೆಬ್ಬಾಳದ ಮೇಲ್ಸೇತುವೆ ತೆರೆದಾಗ ಜನ ನಿಟ್ಟುಸಿರು ಬಿಟ್ಟಿದ್ದರು. ಮುಂದೆ ಅದೇ ಜಾಗ ದಟ್ಟಣೆಗೆ ಹೆಸರಾಯಿತು. ದಾರಿ ಅಗಲವಾದಂತೆ ಬಸ್ಸಿನಲ್ಲಿ ಹೋಗುತ್ತಿದ್ದವನೂ ಕಾರು ಕೊಳ್ಳುತ್ತಾನೆ. ಕೆರೆಗೆ ಕಾಲುವೆ ಹೆಚ್ಚಿಸಿದರೆ ನೀರು ಹರಿದು ಬರುವಂತೆ ರಸ್ತೆಗೂ ವಾಹನ ಹರಿದು ಬರುತ್ತದೆ.

ಹಾಗೆಂದು ಸುರಂಗವೇ ಬೇಡವೆಂಬ ವಾದ ನಮ್ಮದಲ್ಲ. ಮೆಟ್ರೋದ ಗುಲಾಬಿ ಮಾರ್ಗಕ್ಕಾಗಿ ಒಂಬತ್ತು ಯಂತ್ರಗಳು 2020ರಿಂದ 2024ರವರೆಗೆ ಬೆಂಗಳೂರಿನ ಕಗ್ಗಲ್ಲನ್ನು ಕೊರೆದವು. ಅದೂ ಕಷ್ಟದ, ದುಬಾರಿಯ ಕೆಲಸವೇ. ಆದರೆ ಅಲ್ಲಿ ಓಡುವುದು ಎಲ್ಲರೂ ಟಿಕೇಟು ಪಡೆದು ಹತ್ತಬಹುದಾದ ರೈಲು. 2025ರ ಆಗಸ್ಟಿನಲ್ಲಿ ಸಿಲ್ಕ್ ಬೋರ್ಡ್ ಮೂಲಕ ಹಾಯುವ ಹಳದಿ ಮಾರ್ಗ ತೆರೆದಾಗ ಮೆಟ್ರೋದ ಒಂದು ದಿನದ ಪ್ರಯಾಣಿಕರ ಸಂಖ್ಯೆ ಹತ್ತು ಲಕ್ಷ ದಾಟಿತು. ಆದ್ದರಿಂದ ಸುರಂಗದೊಳಗೆ ಏನನ್ನು ಓಡಿಸುತ್ತೇವೆ ಎಂಬುದರಲ್ಲಿ ಎಲ್ಲವೂ ಇದೆ.

ನಮ್ಮ ಊರಿನ ಲೆಕ್ಕ

ಹುಬ್ಬಳ್ಳಿ-ಧಾರವಾಡಕ್ಕೆ ಹೋದಾಗ ನಾವೆಲ್ಲ ಹತ್ತುವ ಚಿಗರಿ ಬಸ್ಸನ್ನು ಇಲ್ಲಿ ನೆನೆಯಬೇಕು. 2018ರಲ್ಲಿ ಓಡತೊಡಗಿ 2020ರಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಗೊಂಡ ಆ 22 ಕಿ.ಮೀ. ಮಾರ್ಗಕ್ಕೆ ತಗುಲಿದ್ದು ಸಾವಿರ ಕೋಟಿ ರೂಪಾಯಿಗಳ ಆಸುಪಾಸು. ಬೆಂಗಳೂರಿನ ಸುರಂಗ ರಸ್ತೆಯ ಒಂದು ಕಿ.ಮೀ.ಗೆ ಅಷ್ಟೇ ಹಣ ಬೇಕು! ಚಿಗರಿಯಲ್ಲಿ ಕುಂದುಗಳಿಲ್ಲವೆಂದಲ್ಲ. ಬಸ್ಸುಗಳು ಹಳತಾಗಿವೆ, ಉಳಿದ ರಸ್ತೆ ಇಕ್ಕಟ್ಟಾಯಿತೆಂಬ ದೂರೂ ಇದೆ. ಆದರೂ ಸೋಮವಾರದ ಸಂತೆಗೆ ಹೋಗುವ ತಾಯಿಯೂ ಕಾಲೇಜಿಗೆ ಹೋಗುವ ಮಗಳೂ ಒಂದೇ ಬಾಗಿಲಿನಿಂದ ಅದನ್ನು ಹತ್ತುತ್ತಾರೆ.

ನಮ್ಮ ಭಾಗದ ಸ್ಥಿತಿ ಹೇಗಿದೆ? ರೋಣ ತಾಲೂಕಿಗೆ ಹೊಳೆಆಲೂರಿನಂಥ ರೈಲು ನಿಲ್ದಾಣವಾದರೂ ಇದೆ. ನರಗುಂದಕ್ಕೂ ಗಜೇಂದ್ರಗಡಕ್ಕೂ ಇಂದಿಗೂ ರೈಲಿಲ್ಲ, ಬಸ್ಸೇ ಗತಿ. ಹೊತ್ತು ಮುಳುಗಿದ ಮೇಲೆ ಬಸ್ ನಿಲ್ದಾಣದಲ್ಲಿ ಕಾಯುವ ಹೆಣ್ಣುಮಕ್ಕಳ ಮುಖ ನೋಡಿದವರಿಗೆ, ಸಾವಿರ ಕೋಟಿಗೆ ಒಂದು ಕಿ.ಮೀ. ಎಂಬ ಲೆಕ್ಕ ಸುಲಭವಾಗಿ ಗಂಟಲಲ್ಲಿ ಇಳಿಯುವುದಿಲ್ಲ. ಸರ್ಕಾರದ ಬೊಕ್ಕಸಕ್ಕೆ ನಮ್ಮ ಊರುಗಳ ಪಾಲೂ ಸಲ್ಲುತ್ತದೆ.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು. ವಿಮಾನ ನಿಲ್ದಾಣ, ದೊಡ್ಡ ಆಸ್ಪತ್ರೆ, ಸಮ್ಮೇಳನ ಕೇಂದ್ರ ಇಂತಹ ಸೀಮಿತ ಆವರಣಗಳಲ್ಲಿ ಕಿರುಸುರಂಗ ಒಳ್ಳೆಯ ಸಾಧನವೇ ಸರಿ. ಅಗ್ಗವಾಗಿ ಕೊರೆಯುವ ಆ ವಿದ್ಯೆ ಮುಂದೊಂದು ದಿನ ನೀರಿನ ಕೊಳವೆ, ಚರಂಡಿ, ರೈಲುಗಳ ಕೆಲಸಕ್ಕೆ ಒದಗಿದರೆ ಇನ್ನೂ ಸಂತೋಷ. ಆದರೆ ನಗರದ ನಿತ್ಯಸಂಚಾರಕ್ಕೆ ಅದು ಮದ್ದಲ್ಲ. ಮೇಲಿನ ಸಾಲನ್ನು ಕೆಳಗಿಳಿಸಿದ ಮಾತ್ರಕ್ಕೆ ಸಾಲು ಕರಗುವುದಿಲ್ಲ.

ನಮ್ಮ ಹುಡುಗ ಊಟ ಮುಗಿಸಿ ರಾತ್ರಿಯ ಬಸ್ಸಿಗೆ ಹೊರಟಾಗ ಇಷ್ಟನ್ನೂ ಅವನಿಗೆ ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಮುಂದಿನ ಮನಿ ಮೆಟ್ರೋ ಸನೇದಾಗ ಹಿಡೀತೇನಿ ಕಾಕಾ" ಎಂದ. ಮಕ್ಕಳಿಗೆ ಬೆಂಗಳೂರಿನಲ್ಲಿ ಮನೆ ಹುಡುಕುತ್ತಿರುವ ನಮ್ಮ ವಾಚಕ ಕುಟುಂಬಗಳೂ ಆ ಮಾತನ್ನು ಗಮನದಲ್ಲಿಡಲಿ.